ಕೈಯಾರೆ ಕಟ್ಟಿದರೆ ಹೆಚ್ಚು, ತಾನಾಗಿ ಕಡಿತವಾದರೆ ಕಡಿಮೆ

ಒಂದೇ ಸೇವೆಗೆ ಎರಡು ದರ ಇರುವುದುಂಟು. ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಕಡಿತವಾಗಲಿ ಎಂದು ಮೊದಲೇ ಒಪ್ಪಿಗೆ ಬರೆದುಕೊಟ್ಟವರಿಗೆ ಒಂದು ದರ. ಬಿಲ್ ಕೈಗೆ ಬಂದ ಮೇಲೆ ಓದಿ, ಲೆಕ್ಕ ನೋಡಿ, ಕೈಯಾರೆ ಕಟ್ಟುವವರಿಗೆ ಇನ್ನೊಂದು ದರ. ಆಟೊ ಡೆಬಿಟ್ ಎಂದು ಬ್ಯಾಂಕಿನವರು ಕರೆಯುವ ಈ ಏರ್ಪಾಡು ಹಣ ಪಡೆಯುವವರಿಗೆ ಬಹಳ ಅನುಕೂಲ. ಹಣ ಹೇಳಿದ ದಿನಕ್ಕೆ ಬರುತ್ತದೆ, ಕೌಂಟರ್ ಬೇಡ, ಗುಮಾಸ್ತ ಬೇಡ, ಚಿಲ್ಲರೆಯ ರಗಳೆ ಇಲ್ಲ, ಬಾಕಿ ವಸೂಲಿಗೆ ಅಲೆಯುವ ಕೆಲಸವೂ ಇಲ್ಲ. ಹೀಗೆ ಉಳಿದ ಖರ್ಚಿನಲ್ಲಿ ಒಂದು ಪಾಲನ್ನು ಗ್ರಾಹಕನಿಗೆ ರಿಯಾಯಿತಿಯಾಗಿ ಬಿಟ್ಟುಕೊಟ್ಟರೆ ಯಾರ ತಕರಾರೂ ಇರುವುದಿಲ್ಲ. ಒಪ್ಪಿಗೆ ಕೊಡದವರ ಮೇಲೆ ಹೆಚ್ಚುವರಿ ಶುಲ್ಕ ಹಾಕಿದಾಗ ಸಿಟ್ಟು ಏಳುತ್ತದೆ.

ಈ ಸಿಟ್ಟು ಬ್ರಿಟನ್ನಿನಲ್ಲಿ ದೂರವಾಣಿ ಬಿಲ್ಲಿನ ಮೇಲೆ ಎದ್ದಿತು, ಕರ್ನಾಟಕದಲ್ಲಿ ಹೆದ್ದಾರಿಯ ಟೋಲ್ ಗೇಟಿನಲ್ಲಿ ಎದ್ದಿದೆ. ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಂಥ ಊರಿನಿಂದ ನೋಡಿದರೆ ಈ ವ್ಯವಸ್ಥೆಯ ಎರಡು ಮುಖಗಳೂ ಒಟ್ಟಿಗೆ ಕಾಣುತ್ತವೆ. ಮನೆಯ ಕರೆಂಟ್ ಬಿಲ್ಲಿನಲ್ಲಿ ತಾನಾಗಿ ಕಡಿತಕ್ಕೆ ಒಪ್ಪಿದವರಿಗೆ ಅತಿ ಸಣ್ಣ ರಿಯಾಯಿತಿ ಇದೆ. ಊರು ಬಿಟ್ಟು ಹೆದ್ದಾರಿ ಹತ್ತಿದರೆ ಒಪ್ಪದವರಿಗೆ ಹೆಚ್ಚುವರಿ ಶುಲ್ಕವಿದೆ.

ಮೊದಲಿಗೆ ಬ್ರಿಟನ್ನಿನ ಪ್ರಕರಣ. ಅಲ್ಲಿ ಡೈರೆಕ್ಟ್ ಡೆಬಿಟ್ ಎಂಬ ಹೆಸರಿನ ತಾನಾಗಿ ಕಡಿತ 1960ರ ದಶಕದಿಂದಲೇ ಬಳಕೆಯಲ್ಲಿದ್ದು, ಗ್ಯಾಸ್, ವಿದ್ಯುತ್, ನೀರು, ಫೋನ್ ಎಲ್ಲಕ್ಕೂ ಹಬ್ಬಿತ್ತು. 2007ರ ಮೇ ತಿಂಗಳಿನಿಂದ ಬ್ರಿಟಿಷ್ ಟೆಲಿಕಾಂ ಕಂಪನಿ, ಡೈರೆಕ್ಟ್ ಡೆಬಿಟ್‌ಗೆ ಸೇರದ ಗ್ರಾಹಕರ ಮೂರು ತಿಂಗಳ ಬಿಲ್ಲಿಗೆ 4.50 ಪೌಂಡ್ ಸೇರಿಸತೊಡಗಿತು. ಆಗಿನ ವಿನಿಮಯದಲ್ಲಿ ಅದು 350 ರೂಪಾಯಿಗೂ ಹೆಚ್ಚು. ಅಂಚೆ ಕಚೇರಿಗೆ ನಡೆದುಹೋಗಿ ಬಿಲ್ ಕಟ್ಟುತ್ತಿದ್ದ ಪಿಂಚಣಿದಾರರು, ವಾರದ ಕೂಲಿಯವರು, ಬ್ಯಾಂಕ್ ಖಾತೆಯೇ ಇಲ್ಲದವರು ಇದರ ಭಾರ ಹೊತ್ತರು. ಅವರಲ್ಲಿ ಅನೇಕರು ಒಂದು ಬಿಲ್ಲನ್ನೂ ತಡ ಮಾಡಿದವರಲ್ಲ. ಸಕಾಲಕ್ಕೆ ಪೂರ್ತಿ ಹಣ ಕಟ್ಟಿದವರಿಗೆ ದಂಡ ಏಕೆ ಎಂಬ ಅವರ ಪ್ರಶ್ನೆಗೆ ಕಂಪನಿಯ ಬಳಿ ಇದ್ದ ಉತ್ತರ ಒಂದೇ: ಚೆಕ್ಕು, ನಗದು ಸ್ವೀಕರಿಸಲು ಖರ್ಚಾಗುತ್ತದೆ. 2008ರಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಂ ಮಾರ್ಗಸೂಚಿ ಹೊರಡಿಸಿ, ಇಂಥ ಶುಲ್ಕಗಳು ಗ್ರಾಹಕನಿಗೆ ಮೊದಲೇ ಸ್ಪಷ್ಟವಾಗಿ ತಿಳಿದಿರಬೇಕು, ವಸೂಲಿಗೆ ನೇರವಾಗಿ ತಗಲುವ ವೆಚ್ಚವನ್ನು ಮೀರಬಾರದು ಎಂಬ ನಿಲುವು ತಾಳಿತು. ಶುಲ್ಕ ಪೂರ್ತಿ ಹೋಗಲಿಲ್ಲ. ಆದರೆ ಅದನ್ನು ಅಳೆಯುವ ಅಳತೆಗೋಲೊಂದು ಸಿಕ್ಕಿತು. ವಿದ್ಯುತ್ ಮತ್ತು ಗ್ಯಾಸಿನಲ್ಲಿ ಬ್ರಿಟನ್ನಿನ ಈ ಭೇದ ಇಂದಿಗೂ ಉಳಿದಿದೆ. 2019ರಿಂದ ಜಾರಿಯಲ್ಲಿರುವ ದರ ಮಿತಿಯಲ್ಲಿ ಡೈರೆಕ್ಟ್ ಡೆಬಿಟ್‌ನವರಿಗೆ ಬೇರೆ, ಬಿಲ್ ಬಂದ ಮೇಲೆ ಕಟ್ಟುವವರಿಗೆ ಬೇರೆ ಮಿತಿ ಇದೆ. ವರ್ಷಕ್ಕೆ ನೂರು ಪೌಂಡ್‌ಗೂ ಮೀರಿದ ವ್ಯತ್ಯಾಸ ಬಿದ್ದದ್ದುಂಟು.

ಲೆಕ್ಕಶಾಸ್ತ್ರದ ಕಣ್ಣಿಗೆ ರಿಯಾಯಿತಿ, ದಂಡ ಎರಡೂ ಒಂದೇ. ನೂರು ರೂಪಾಯಿಯ ಬಿಲ್ಲಿಗೆ ಐದು ರೂಪಾಯಿ ಬಿಟ್ಟರೂ, 95 ರೂಪಾಯಿಯ ಬಿಲ್ಲಿಗೆ ಐದು ರೂಪಾಯಿ ಏರಿಸಿದರೂ ಅಂತರ ಅಷ್ಟೇ. ಜನರ ಮನಸ್ಸು ಹಾಗೆ ಎಣಿಸುವುದಿಲ್ಲ. ಸಿಗಬಹುದಾದ ಲಾಭ ತಪ್ಪಿದಾಗ ಆಗುವ ಬೇಸರಕ್ಕಿಂತ ಕೈಯಲ್ಲಿದ್ದದ್ದು ಹೋದಾಗ ಆಗುವ ನೋವು ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಮರುವರ್ಷ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇದಕ್ಕೆ ಅಮೆರಿಕದ ಮಾರುಕಟ್ಟೆಯಿಂದಲೇ ನಿದರ್ಶನ ಕೊಟ್ಟರು. ಕಾರ್ಡಿನವರಿಗೂ ನಗದಿನವರಿಗೂ ಬೇರೆ ಬೆಲೆ ಇಡಲು ಅಲ್ಲಿನ ಅಂಗಡಿಗಳಿಗೆ ಅವಕಾಶ ಕೊಡುವ ಮಾತು ಬಂದಾಗ, ಕ್ರೆಡಿಟ್ ಕಾರ್ಡ್ ಕಂಪನಿಗಳು ಒಂದು ವಿಷಯದಲ್ಲಿ ಬಿಗಿಪಟ್ಟು ಹಿಡಿದಿದ್ದವು: ಅಂತರವನ್ನು ನಗದಿನ ರಿಯಾಯಿತಿ ಎಂದು ತೋರಿಸಿ, ಕಾರ್ಡಿನ ಮೇಲಿನ ಹೆಚ್ಚುವರಿ ಎಂದು ತೋರಿಸಬೇಡಿ. ಹೆಚ್ಚುವರಿ ಎಂದರೆ ಗ್ರಾಹಕ ಕಾರ್ಡನ್ನೇ ಕೈಬಿಡುತ್ತಾನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಭಾರತವೂ ಶುರು ಮಾಡಿದ್ದು ರಿಯಾಯಿತಿಯಿಂದಲೇ. ನೋಟು ರದ್ದತಿಯ ತಿಂಗಳೊಪ್ಪತ್ತಿನಲ್ಲಿ, 2016ರ ಡಿಸೆಂಬರ್ 8ರಂದು, ಕೇಂದ್ರ ಸರ್ಕಾರ ಡಿಜಿಟಲ್ ಪಾವತಿಗೆ ಉತ್ತೇಜನಗಳ ಸರಮಾಲೆ ಪ್ರಕಟಿಸಿತು. ಪೆಟ್ರೋಲ್, ಡೀಸೆಲ್‌ಗೆ ಕಾರ್ಡಿನಲ್ಲಿ ಕೊಟ್ಟರೆ ಶೇ 0.75 ಕಡಿಮೆ, ಹೆದ್ದಾರಿಯಲ್ಲಿ ಟೋಲ್ ಹಣ ತಾನಾಗಿ ಕಡಿತವಾಗುವ ಫಾಸ್ಟ್ಯಾಗ್ ಬಳಸಿದರೆ ಶೇ 10 ಕಡಿಮೆ. ಮರುತಿಂಗಳು ಅಡುಗೆ ಅನಿಲಕ್ಕೆ ಆನ್‌ಲೈನ್‌ನಲ್ಲಿ ಹಣ ಕಟ್ಟಿದರೆ ಐದು ರೂಪಾಯಿ ಬಿಡುವ ಏರ್ಪಾಡೂ ಬಂತು. ಇಂಧನದ ರಿಯಾಯಿತಿ 2018ರಲ್ಲಿ ಶೇ 0.25ಕ್ಕೆ ಇಳಿಯಿತು, 2019ರ ಅಕ್ಟೋಬರ್‌ನಿಂದ ಕ್ರೆಡಿಟ್ ಕಾರ್ಡಿಗೆ ನಿಂತೇಹೋಯಿತು. ಬೆಂಗಳೂರಿನ ನಮ್ಮ ಮೆಟ್ರೊ ಮಾತ್ರ ಸ್ಮಾರ್ಟ್ ಕಾರ್ಡಿನವರಿಗೆ ಶೇ 5ರ ರಿಯಾಯಿತಿಯನ್ನು ಉಳಿಸಿಕೊಂಡಿದೆ. ಟೋಲಿನ ವಿಷಯದಲ್ಲಾದರೆ ರಿಯಾಯಿತಿ ತಿರುಗಿ ದಂಡವಾಯಿತು. ಅದಕ್ಕೆ ಮುನ್ನ ಕರೆಂಟ್ ಬಿಲ್ಲಿನ ಲೆಕ್ಕವನ್ನು ನೋಡಬೇಕು.

ಹಾರನಹಳ್ಳಿ ಅರಸೀಕೆರೆಯಿಂದ ಹಾಸನದ ಕಡೆಗೆ ಹೋಗುವ ದಾರಿಯಲ್ಲಿ ಎಂಟು ಕಿಲೊಮೀಟರ್ ಆಸುಪಾಸಿನಲ್ಲಿದೆ. ಹೊಯ್ಸಳರ ಕಾಲದ ಚೆನ್ನಕೇಶವ ಮತ್ತು ಸೋಮೇಶ್ವರ ದೇವಾಲಯಗಳಿಂದ, ಕೋಡಿಮಠದಿಂದ ಹೆಸರಾದ ಊರು. ಸುತ್ತಲೂ ತೆಂಗಿನ ತೋಟ, ರಾಗಿ ಹೊಲ. ವಿದ್ಯುತ್ ಕೊಡುವುದು ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಊರಿನವರ ಬಾಯಲ್ಲಿ ಅದು ಈಗಲೂ ಹಳೆಯ ವಿದ್ಯುತ್ ಮಂಡಳಿಯ ಹೆಸರಾದ ಕೆಇಬಿಯೇ. ಹಾಸನ, ಮಂಡ್ಯ, ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿವೆ. ಮೀಟರ್ ರೀಡರ್ ಮನೆಬಾಗಿಲಲ್ಲೇ ಯಂತ್ರದಿಂದ ಬಿಲ್ ಹರಿದು ಕೊಡುತ್ತಾರೆ. ಅದನ್ನು ಕಚೇರಿಯ ಕೌಂಟರಿನಲ್ಲಿ ನಗದಾಗಿ, ಫೋನಿನಲ್ಲಿ, ಇಲ್ಲವೇ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಕಟ್ಟಬಹುದು. 2023ರ ಜುಲೈನಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಮಿತಿಯೊಳಗೆ, ತಮ್ಮ ಹಿಂದಿನ ಸರಾಸರಿಗೆ ಶೇ 10 ಸೇರಿಸಿದಷ್ಟು ಬಳಸುವ ಮನೆಗಳಿಗೆ ಶೂನ್ಯ ಬಿಲ್ ಬರುತ್ತಿದೆ. ಅರ್ಹತೆ ಮೀರಿ ಬಳಸಿದವರಿಗೆ, ಅಂಗಡಿ, ಹಿಟ್ಟಿನ ಗಿರಣಿ, ಹೋಟೆಲ್‌ಗಳಿಗೆ ಬಿಲ್ ಎಂದಿನಂತೆ ಬರುತ್ತದೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳ ಸಾಮಾನ್ಯ ಷರತ್ತುಗಳಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶವಿದೆ. ಇಸಿಎಸ್ ಮೂಲಕ, ಎಂದರೆ ಖಾತೆಯಿಂದ ತಾನಾಗಿ ಕಡಿತವಾಗುವಂತೆ, ಬಿಲ್ ಕಟ್ಟುವವರಿಗೆ ಬಿಲ್ ಮೊತ್ತದ ಶೇ 0.25ರಷ್ಟು ಉತ್ತೇಜನ, ಅದನ್ನು ಮುಂದಿನ ತಿಂಗಳ ಬಿಲ್ಲಿನಲ್ಲಿ ಹೊಂದಿಸಬೇಕು. ಸಾವಿರ ರೂಪಾಯಿಗೆ ಮೀರಿ ಮುಂಗಡ ಕಟ್ಟಿದವರಿಗೂ, ಒಂದು ಲಕ್ಷ ರೂಪಾಯಿಗೆ ಮೀರಿದ ಬಿಲ್ಲನ್ನು ಕೊನೆಯ ದಿನಕ್ಕೆ ಹತ್ತು ದಿನ ಮೊದಲೇ ಕಟ್ಟಿದವರಿಗೂ ಇದೇ ದರದ ಉತ್ತೇಜನವಿದೆ. ಕೌಂಟರಿಗೆ ಬಂದು ನಗದು ಕಟ್ಟಿದವರಿಗೆ ಯಾವ ಹೆಚ್ಚುವರಿಯೂ ಇಲ್ಲ. ತಡವಾದರೆ ಮಾತ್ರ ತಿಂಗಳಿಗೆ ಶೇ 1ರ ಬಡ್ಡಿ. ತಪ್ಪು ಮಾಡಿದವರಿಗೆ ಬಡ್ಡಿ, ಅನುಕೂಲ ಮಾಡಿಕೊಟ್ಟವರಿಗೆ ಉತ್ತೇಜನ, ಉಳಿದವರಿಗೆ ನಿಗದಿತ ದರ. ತತ್ತ್ವವಾಗಿ ಇದು ನ್ಯಾಯವಾದ ಏರ್ಪಾಡು, ಬ್ರಿಟನ್ನಿನ ದೂರವಾಣಿ ಕಂಪನಿ ಮಾಡಿದ್ದಕ್ಕಿಂತ ಎಷ್ಟೋ ಮೇಲು.

ಆದರೂ ಹಳ್ಳಿಗಳಲ್ಲಿ ಇದಕ್ಕೆ ಕೈಚಾಚುವವರು ಕಡಿಮೆ ಏಕೆಂಬುದನ್ನು ಸಣ್ಣ ಲೆಕ್ಕವೊಂದು ಹೇಳುತ್ತದೆ. ತಿಂಗಳಿಗೆ 800 ರೂಪಾಯಿ ಬಿಲ್ ಬರುವ ಮನೆಗೆ ಶೇ 0.25 ಎಂದರೆ ಎರಡು ರೂಪಾಯಿ. ಕಡಿತದ ದಿನ ಖಾತೆಯಲ್ಲಿ ಹಣ ಸಾಲದೆ ಹೋದರೆ ಬ್ಯಾಂಕು ವಾಪಸಾತಿ ಶುಲ್ಕ ಹಾಕುತ್ತದೆ. ಸಾಮಾನ್ಯವಾಗಿ ಅದು 250ರಿಂದ 500 ರೂಪಾಯಿ, ಮೇಲೆ ಶೇ 18ರ ಜಿಎಸ್‌ಟಿ. 250ಕ್ಕೆ ತೆರಿಗೆ ಸೇರಿದರೆ 295 ರೂಪಾಯಿ. ಪಾಸ್‌ಬುಕ್ಕಿನಲ್ಲಿ 295 ಎಂಬ ಅಂಕಿ ಕಂಡು ಕಂಗಾಲಾಗಿ ಬ್ಯಾಂಕಿಗೆ ಓಡಿದವರು ದೇಶದ ಎಲ್ಲ ಕಡೆ ಇದ್ದಾರೆ. ಹೀಗೆ ಒಂದು ಸಲ ತಪ್ಪಿದರೆ ಹೋಗುವ ಹಣ, ಎರಡು ರೂಪಾಯಿಯಂತೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಸಿಗುವ ಉತ್ತೇಜನಕ್ಕೆ ಸಮ. ಯಾರೂ ಕುಳಿತು ಈ ಭಾಗಾಕಾರ ಮಾಡಿರಲಿಕ್ಕಿಲ್ಲ, ಆದರೆ ಹತ್ತಿರದ ಒಬ್ಬರಿಗೆ ಹೀಗಾದ ಸುದ್ದಿ ಸಾಕು, ಊರಿನವರು ಆಟೊ ಡೆಬಿಟ್ ತಂಟೆಗೇ ಹೋಗುವುದಿಲ್ಲ. ಸಾಲದ ಕಂತಿನಲ್ಲಾದರೆ ಕಡಿತ ಎರಡು ಕಡೆಯಿಂದ: ಖಾತೆ ಇರುವ ಬ್ಯಾಂಕಿನ ವಾಪಸಾತಿ ಶುಲ್ಕ ಒಂದು, ಸಾಲ ಕೊಟ್ಟವರ ದಂಡ ಇನ್ನೊಂದು. ಆ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಬೆಳೆಸಬಾರದೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಬೇಕಾಯಿತು. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಹಣವಿಲ್ಲದೆ ಎಲೆಕ್ಟ್ರಾನಿಕ್ ಕಡಿತ ವಾಪಸಾಗುವುದು ಚೆಕ್ ಬೌನ್ಸಿನಂತೆಯೇ ಶಿಕ್ಷಾರ್ಹ. ಎರಡು ವರ್ಷದವರೆಗೆ ಜೈಲು ಇಲ್ಲವೇ ಮೊತ್ತದ ಎರಡರಷ್ಟರವರೆಗೆ ದಂಡಕ್ಕೆ ಅವಕಾಶವಿದೆ.

ಈ ಇಡೀ ಪದ್ಧತಿ ಒಂದನೇ ತಾರೀಖು ಸಂಬಳ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಣೆದದ್ದು. ಅರಸೀಕೆರೆ ಸೀಮೆಯಲ್ಲಿ ಹಣ ಬರುವ ರೀತಿಯೇ ಬೇರೆ. ತೆಂಗಿನಕಾಯಿ ಕೊಯ್ಲಿಗೊಮ್ಮೆ ಕೈಗೆ ಕಾಸು. ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿಸಬೇಕು, ಆಮೇಲೆ ತಿಪಟೂರು ಅಥವಾ ಅರಸೀಕೆರೆಯ ಮಾರುಕಟ್ಟೆಗೆ ಹಾಕಬೇಕು. ಧಾರಣೆ ಬಿದ್ದಿದ್ದರೆ ಇನ್ನಷ್ಟು ದಿನ ಕಾಯುತ್ತಾರೆ, ಕಾಯಲಾರದವರು ಸಿಕ್ಕ ಬೆಲೆಗೆ ಕೊಡುತ್ತಾರೆ. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆ ಬಂದ ದಿನ ಖಾತೆ ತುಂಬಿರುತ್ತದೆ, ಅಂಗಡಿ ಸಾಲ, ಹಿಂಡಿ ಬೂಸಾ ಕೊಂಡ ಮೇಲೆ ಬರಿದಾಗಿರುತ್ತದೆ. ಕೂಲಿಗೆ ಹೋಗುವವರ ಮನೆಯಲ್ಲಿ ಮಳೆ ಹಿಡಿದ ವಾರ ಖಾಲಿ. ಇಂಥ ಮನೆಯ ಯಜಮಾನಿ ಬಿಲ್ಲನ್ನು ನಾಲ್ಕು ದಿನ ಗೂಡಿನಲ್ಲಿಟ್ಟು, ಹಣ ಕೂಡಿದ ದಿನ ಕಟ್ಟುವುದು ಅಜ್ಞಾನವಲ್ಲ. ಅದು ತೂಗಿಸಿಕೊಂಡು ಹೋಗುವ ಜಾಣತನ. ಮೊದಲು ಮಗಳ ಫೀಸೋ, ಮೊದಲು ಕರೆಂಟೋ ಎಂಬುದನ್ನು ತಾನೇ ತೀರ್ಮಾನಿಸುವ ಅಧಿಕಾರ ಅವಳಲ್ಲಿರುತ್ತದೆ. ತಾನಾಗಿ ಕಡಿತಕ್ಕೆ ಸಹಿ ಹಾಕಿದ ದಿನ ಆ ತೀರ್ಮಾನ ಯಂತ್ರದ ಪಾಲಾಗುತ್ತದೆ. 2021ರ ಆಗಸ್ಟ್ 1ರಿಂದ, ಬ್ಯಾಂಕುಗಳ ನಡುವೆ ಇಂಥ ಕಡಿತಗಳನ್ನು ನಡೆಸುವ ನ್ಯಾಚ್ ವ್ಯವಸ್ಥೆ ಭಾನುವಾರ, ಹಬ್ಬದ ರಜೆಗಳಲ್ಲೂ ನಡೆಯತೊಡಗಿದೆ. ಸೋಮವಾರ ಬ್ಯಾಂಕ್ ತೆರೆದ ಮೇಲೆ ಹಣ ತುಂಬಿದರಾಯಿತು ಎಂದುಕೊಂಡವರ ಕಂತು ಭಾನುವಾರವೇ ಬೌನ್ಸ್ ಆಗಬಹುದು. ಆದ್ದರಿಂದ ತಾನಾಗಿ ಕಡಿತಕ್ಕೆ ಒಪ್ಪದವರ ಮೇಲೆ ಎಲ್ಲಿ ಹೆಚ್ಚುವರಿ ಶುಲ್ಕ ಬಿದ್ದರೂ ಅದು ಬಹುಮಟ್ಟಿಗೆ ನಿಗದಿತ ಆದಾಯವಿಲ್ಲದವರ ಮೇಲೆ ಬೀಳುವ ತೆರಿಗೆಯೇ ಆಗುತ್ತದೆ. ಶ್ರೀಮಂತರು ಒಪ್ಪದಿರುವುದು ಹಟಕ್ಕೆ, ಬಡವರು ಒಪ್ಪದಿರುವುದು ಭಯಕ್ಕೆ. ಶುಲ್ಕ ಮಾತ್ರ ಇಬ್ಬರಿಗೂ ಒಂದೇ.

ಫೋನಿನಲ್ಲಿ ಕಟ್ಟುವವರೂ ಹೆಚ್ಚುವರಿ ಶುಲ್ಕದಿಂದ ಪೂರ್ತಿ ಪಾರಾಗಿಲ್ಲ. ಬೆಂಗಳೂರಿನ ಫೋನ್‌ಪೇ 2021ರಲ್ಲಿ 50 ರೂಪಾಯಿ ಮೀರಿದ ಮೊಬೈಲ್ ರೀಚಾರ್ಜ್‌ಗೆ ಒಂದೆರಡು ರೂಪಾಯಿ ಶುಲ್ಕ ಶುರುಮಾಡಿತು. 2023ರಲ್ಲಿ ಗೂಗಲ್ ಪೇ ಕೂಡ ಅದೇ ಹಾದಿ ಹಿಡಿಯಿತು. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ವಹಿವಾಟಿಗೆ ವ್ಯಾಪಾರಿಗಳಿಂದ ಶುಲ್ಕ ಪಡೆಯುವಂತಿಲ್ಲವಾದ್ದರಿಂದ, ಖರ್ಚನ್ನು ಎಲ್ಲಿಂದಾದರೂ ತುಂಬಿಕೊಳ್ಳುವ ಪ್ರಯತ್ನವಿದು.

ಹೆದ್ದಾರಿಯ ವಿಷಯ ಹೆಚ್ಚು ಗಂಭೀರ. ಈಗಿನ ಟೋಲಿಗೆ ಆಧಾರ 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು. ಫಾಸ್ಟ್ಯಾಗ್ ಎಂಬುದು ಗಾಡಿಯ ಮುಂಗಾಜಿಗೆ ಅಂಟಿಸುವ ರೇಡಿಯೊ ಚೀಟಿ. ಗೇಟಿನ ಮೇಲಿರುವ ಯಂತ್ರ ಅದನ್ನು ಓದಿ, ಮೊದಲೇ ತುಂಬಿಟ್ಟ ಅಥವಾ ಬ್ಯಾಂಕ್ ಖಾತೆಗೆ ಜೋಡಿಸಿದ ಹಣದಿಂದ ಶುಲ್ಕ ಕಡಿತ ಮಾಡುತ್ತದೆ. 2014ರಲ್ಲಿ ಅಹಮದಾಬಾದ್–ಮುಂಬೈ ಮಾರ್ಗದಲ್ಲಿ ಪ್ರಯೋಗವಾಗಿ ಬಂದದ್ದು, 2017ರ ಡಿಸೆಂಬರ್‌ನಿಂದ ಹೊಸ ನಾಲ್ಕು ಚಕ್ರದ ವಾಹನಗಳಿಗೆ ಕಡ್ಡಾಯವಾಯಿತು. ಟ್ಯಾಗಿಲ್ಲದ ಗಾಡಿ ಟ್ಯಾಗಿನ ಸಾಲಿಗೆ ನುಗ್ಗಿದರೆ ಎರಡು ಪಟ್ಟು ಶುಲ್ಕ ಎಂಬುದು ಆಗಲೇ ಇದ್ದ ನಿಯಮ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಪಕ್ಕದಲ್ಲೇ ನಗದಿನ ಸಾಲಿತ್ತು, ಅಲ್ಲಿ ಮಾಮೂಲಿ ದರವಿತ್ತು. 2021ರ ಫೆಬ್ರುವರಿ 15ರ ನಡುರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಯ ಎಲ್ಲ ಸಾಲುಗಳನ್ನೂ ಫಾಸ್ಟ್ಯಾಗ್ ಸಾಲುಗಳೆಂದು ಸಾರಲಾಯಿತು. ನಿಯಮ ಬದಲಾಗಲಿಲ್ಲ, ನಗದಿನ ಸಾಲು ಇಲ್ಲವಾಯಿತು. ತಪ್ಪು ಸಾಲಿಗೆ ನುಗ್ಗಿದವರಿಗೆ ಇಟ್ಟಿದ್ದ ದಂಡ, ಹೋಗಲು ಬೇರೆ ಸಾಲೇ ಇಲ್ಲದವರ ಮೇಲೆ ಬಂದು ಕೂತಿತು. ಈ ವಿಷಯದಲ್ಲಿ ಚಾಲಕರ ಸಿಟ್ಟಿಗೆ ಗಟ್ಟಿಯಾದ ಆಧಾರವಿರುವುದು ಇಲ್ಲಿಯೇ.

ಸರ್ಕಾರದ ವಾದದಲ್ಲೂ ತೂಕವಿದೆ. ಟೋಲ್ ಗೇಟಿನಲ್ಲಿ ಸರಾಸರಿ ಕಾಯುವ ಸಮಯ 2018-19ರಲ್ಲಿ ಎಂಟು ನಿಮಿಷ ಇದ್ದದ್ದು 2020-21ರ ಹೊತ್ತಿಗೆ 47 ಸೆಕೆಂಡಿಗೆ ಇಳಿಯಿತೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಹೇಳಿದೆ. ಹಬ್ಬಕ್ಕೆ ಊರಿಗೆ ಹೊರಟು ನೆಲಮಂಗಲದ ಬಳಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತ ನೆನಪಿರುವವರು ಈ ಲಾಭವನ್ನು ಅಲ್ಲಗಳೆಯುವುದಿಲ್ಲ. ಡೀಸೆಲ್ ಉಳಿದಿದೆ, ನಗದು ಸೋರಿಕೆ ಕಡಿಮೆಯಾಗಿದೆ, ವಾಹನಗಳ ಪೈಕಿ ಸುಮಾರು ಶೇ 98 ಫಾಸ್ಟ್ಯಾಗ್‌ಗೆ ಬಂದಿವೆ. ಕಾರು, ಜೀಪಿನವರು ಟ್ಯಾಗ್ ಖಾತೆಯಲ್ಲಿ ಕನಿಷ್ಠ ಮೊತ್ತ ಇಡಲೇಬೇಕೆಂಬ ಷರತ್ತನ್ನು ಹೆದ್ದಾರಿ ಪ್ರಾಧಿಕಾರ 2021ರಲ್ಲೇ ತೆಗೆದುಹಾಕಿದ್ದೂ ಒಳ್ಳೆಯ ನಡೆ.

ಉಳಿದ ಶೇ 2ರಲ್ಲಿ ಇರುವವರು ಯಾರು ಎಂಬುದನ್ನು ಕೇಳಬೇಕು. ಅವರೆಲ್ಲ ಹಟಮಾರಿಗಳಲ್ಲ. ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೋ ಮದುವೆಗೋ ಹೊರಡುವ ಹಳೆಯ ಜೀಪಿನವರು, ಎರವಲು ಗಾಡಿ ತಂದವರು, ಆಸ್ಪತ್ರೆಗೆ ಅವಸರದಲ್ಲಿ ಹೊರಟವರು ಅವರಲ್ಲಿದ್ದಾರೆ. ಟ್ಯಾಗ್ ಇದ್ದೂ ಇಲ್ಲದಂತಾದವರು ಇನ್ನೊಂದು ಗುಂಪು. ಗುರುತಿನ ದಾಖಲೆಯ ಪರಿಶೀಲನೆ, ಅಂದರೆ ಕೆವೈಸಿ, ಪೂರ್ತಿಯಾಗದ್ದಕ್ಕೆ, ಹಣ ಮುಗಿದದ್ದಕ್ಕೆ, ಒಂದೇ ಗಾಡಿಗೆ ಎರಡು ಟ್ಯಾಗ್ ಇದ್ದದ್ದಕ್ಕೆ ಟ್ಯಾಗು ಕಪ್ಪುಪಟ್ಟಿಗೆ ಸೇರುತ್ತದೆ. 2020ರ ಮೇ ತಿಂಗಳ ತಿದ್ದುಪಡಿಯಿಂದಾಗಿ ಕೆಲಸ ಮಾಡದ ಟ್ಯಾಗಿಗೂ ಎರಡು ಪಟ್ಟು ಶುಲ್ಕ ಬಿತ್ತು. 2024ರ ಜನವರಿ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ ಆ ಬ್ಯಾಂಕಿನ ಟ್ಯಾಗಿಗೆ ಮಾರ್ಚ್ 15ರ ನಂತರ ಹಣ ತುಂಬುವಂತಿಲ್ಲವಾಯಿತು. ಬ್ಯಾಂಕಿನ ತಪ್ಪಿಗೆ ಗಾಡಿಯವರು ಹೊಸ ಟ್ಯಾಗ್ ಹುಡುಕಿಕೊಂಡು ಅಲೆದರು. 2025ರ ಫೆಬ್ರುವರಿ 17ರಿಂದ ಇನ್ನೊಂದು ಬಿಗಿ ಬಂತು: ಗೇಟಿನಲ್ಲಿ ಓದುವ ಹೊತ್ತಿಗೆ ಒಂದು ಗಂಟೆಗೂ ಹೆಚ್ಚು ಕಾಲದಿಂದ ಕಪ್ಪುಪಟ್ಟಿಯಲ್ಲಿದ್ದು, ಓದಿದ ಹತ್ತು ನಿಮಿಷದ ನಂತರವೂ ಹಾಗೇ ಉಳಿದ ಟ್ಯಾಗಿನ ವಹಿವಾಟು ನಿರಾಕರಣೆಯಾಗುತ್ತದೆ. ಗೇಟಿನ ಮುಂದೆ ನಿಂತು ಹಣ ತುಂಬಿ ಪಾರಾಗುವ ಹಳೆಯ ಉಪಾಯಕ್ಕೆ ಉಳಿದದ್ದು ಆ ಹತ್ತು ನಿಮಿಷ ಮಾತ್ರ.

ಹಾಸನದಿಂದ ಬೆಂಗಳೂರಿಗೆ 75ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೊರಟವರಿಗೆ ಶಾಂತಿಗ್ರಾಮದ ಟೋಲ್ ಸಿಗುತ್ತದೆ. ತುಮಕೂರಿನ ಮೇಲೆ ಹೋಗುವವರಿಗೆ ತುಮಕೂರು–ನೆಲಮಂಗಲ ರಸ್ತೆಯ ಟೋಲ್‌ಗಳು. ಟೋಲ್‌ನಿಂದ 20 ಕಿಲೊಮೀಟರ್ ಒಳಗಿನ ನಿವಾಸಿಗಳ ಖಾಸಗಿ ವಾಹನಗಳಿಗೆ ಕಡಿಮೆ ದರದ ಮಾಸಿಕ ಪಾಸ್ ಇದೆ. ಹಾರನಹಳ್ಳಿ ಆ ಸುತ್ತಿನೊಳಗೆ ಬರುವುದಿಲ್ಲ. 2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಜಾರಿಗೆ ಬಂದ ವಾರ್ಷಿಕ ಪಾಸ್ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಒಂದು ವರ್ಷ ಅಥವಾ 200 ಸಲ ದಾಟುವವರೆಗೆ ಸಲ್ಲುತ್ತದೆ. ವಾರವಾರ ಬೆಂಗಳೂರಿಗೆ ಓಡಾಡುವ ಉದ್ಯೋಗಸ್ಥರಿಗೆ ಅದು ಭಾರಿ ಉಳಿತಾಯ. ಎಳನೀರು ಹೇರಿಕೊಂಡು ಹೋಗುವ ಬಾಡಿಗೆ ಗೂಡ್ಸ್ ಗಾಡಿಗೆ ಆ ಪಾಸ್ ಇಲ್ಲ. ಇಲ್ಲಿಯೂ ಮುಂಗಡ ಕೊಡಬಲ್ಲವರಿಗೆ ಅಗ್ಗ, ಕೊಡಲಾಗದವರಿಗೆ ದುಬಾರಿ.

ಎರಡು ಪಟ್ಟು ಶುಲ್ಕದ ವಿರುದ್ಧ ದೂರುಗಳು ಹೆಚ್ಚಿದ ಮೇಲೆ ಸರ್ಕಾರ 2025ರ ನವೆಂಬರ್ 15ರಿಂದ ನಿಯಮ ಸಡಿಲಿಸಿತು. ಟ್ಯಾಗ್ ಇಲ್ಲದವರು ಅಥವಾ ಟ್ಯಾಗ್ ಕೆಲಸ ಮಾಡದವರು ಯುಪಿಐ ಮೂಲಕ ಕೊಟ್ಟರೆ ಶುಲ್ಕದ 1.25 ಪಟ್ಟು, ನಗದು ಕೊಟ್ಟರೆ ಮೊದಲಿನಂತೆ ಎರಡು ಪಟ್ಟು. ಟ್ಯಾಗಿನಲ್ಲಿ 100 ರೂಪಾಯಿ ಹೋಗುವ ಕಡೆ ಯುಪಿಐಗೆ 125, ನಗದಿಗೆ 200. ಯುಪಿಐ ಇರುವವರಿಗೆ ಇದು ದೊಡ್ಡ ಬಿಡುಗಡೆಯೇ ಸರಿ. ಆದರೆ ಅದೇ ಸಾಲಿನಲ್ಲಿ, ಅದೇ ಗುಮಾಸ್ತನಿಗೆ, ಬಹುಶಃ ಯುಪಿಐಗಿಂತ ಬೇಗ ನೋಟು ಎಣಿಸಿ ಕೊಡುವವರಿಗೆ ಇನ್ನೂ 75 ರೂಪಾಯಿ ಏಕೆ ಹೆಚ್ಚು? ಆಫ್‌ಕಾಂ ಹಿಡಿದ ಅಳತೆಗೋಲನ್ನು ಇಲ್ಲಿ ಇಟ್ಟು ನೋಡಿದರೆ, ಒಂದು ನಗದು ರಸೀದಿ ಹರಿದು ಕೊಡಲು ನೂರು ರೂಪಾಯಿ ಖರ್ಚಾಗುತ್ತದೆಂದು ಯಾರೂ ವಾದಿಸಲಾರರು. ಇದು ಖರ್ಚಿನ ವಸೂಲಿಯಲ್ಲ, ಒತ್ತಾಯದ ಉಪಕರಣ. ಒತ್ತಾಯ ಬೇಕೆಂದೇ ಸರ್ಕಾರ ನಿರ್ಧರಿಸಿದ್ದರೂ ಅದರ ಭಾರ ವಾಹನದವರ ಆದಾಯಕ್ಕೂ ಬಳಕೆಗೂ ಹೊಂದಿರಬೇಕಿತ್ತು. ವರ್ಷಕ್ಕೊಮ್ಮೆ ದಾಟುವವರಿಗೆ ಮಾಮೂಲಿ ದರದ ಒಂದು ಸಾಲನ್ನು, ಅದು ನಿಧಾನವೇ ಇರಲಿ, ಉಳಿಸಬಹುದಿತ್ತು. ಕಾಯುವ ಸಮಯವೇ ಅಲ್ಲಿ ಸಾಕಷ್ಟು ಬೆಲೆಯಾಗುತ್ತಿತ್ತು.

ಕಾನೂನಿನ ದಾರಿಯಲ್ಲಿ ಈ ವಾದ ಗೆಲ್ಲಲಿಲ್ಲ. ಫಾಸ್ಟ್ಯಾಗ್ ಕಡ್ಡಾಯವನ್ನೂ ಎರಡು ಪಟ್ಟು ಶುಲ್ಕವನ್ನೂ ಪ್ರಶ್ನಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ವಜಾ ಮಾಡಿತು. ಇದು ನೀತಿಯ ವಿಷಯ, ಮೂಲಭೂತ ಹಕ್ಕಿಗೆ ಇದರಿಂದ ಧಕ್ಕೆಯಿಲ್ಲ ಎಂಬುದು ನ್ಯಾಯಾಲಯದ ನಿಲುವು. ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ನೋಟು ಶಾಸನಬದ್ಧ ಹಣ ನಿಜ. ನೋಟನ್ನು ತೆಗೆದುಕೊಂಡೇ ಹೆಚ್ಚು ಕೇಳುವ ವ್ಯವಸ್ಥೆಗೆ ಅದು ಅಡ್ಡಬರುತ್ತಿಲ್ಲ.

ಕಾನೂನು ಕೊಟ್ಟಿರುವ ಕೆಲವು ರಕ್ಷಣೆಗಳು ಮಾತ್ರ ಬಹಳ ಮಂದಿಗೆ ತಿಳಿದಿಲ್ಲ. ಟ್ಯಾಗ್ ಸರಿಯಿದ್ದು, ಸಾಕಷ್ಟು ಹಣವೂ ಇದ್ದು, ಟೋಲಿನ ಯಂತ್ರವೇ ಕೆಟ್ಟು ಓದಲಾರದೆ ಹೋದರೆ, ಆ ಗಾಡಿಯನ್ನು ಶುಲ್ಕವಿಲ್ಲದೆ ಬಿಡಬೇಕು, ಶೂನ್ಯ ಮೊತ್ತದ ರಸೀದಿ ಕೊಡಬೇಕು ಎಂದು 2018ರ ಮೇ ತಿಂಗಳ ತಿದ್ದುಪಡಿ ಹೇಳುತ್ತದೆ. ಗೇಟಿನಲ್ಲಿ ಜಗಳವಾಡುವ ಮೊದಲು ಫೋನಿನಲ್ಲಿ ಟ್ಯಾಗಿನ ಸ್ಥಿತಿ ಮತ್ತು ಉಳಿದ ಹಣ ತೋರಿಸಿ ಈ ರಸೀದಿ ಕೇಳಬೇಕು. ಒಪ್ಪದಿದ್ದರೆ ಹೆದ್ದಾರಿ ಸಹಾಯವಾಣಿ 1033. ತಪ್ಪಾಗಿ ಎರಡು ಸಲ ಕಡಿತವಾದರೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು.

ಮನೆಯ ಬಿಲ್ಲಿಗೆ ತಾನಾಗಿ ಕಡಿತ ಒಪ್ಪಿಕೊಂಡವರಿಗೂ ಹಕ್ಕುಗಳಿವೆ. ಕಾರ್ಡ್ ಮತ್ತು ಯುಪಿಐ ಆಟೊಪೇ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಸಾಮಾನ್ಯವಾಗಿ 15,000 ರೂಪಾಯಿ ಮೀರಿದ ಕಡಿತಕ್ಕೆ ಪ್ರತಿ ಸಲವೂ ಗ್ರಾಹಕರ ದೃಢೀಕರಣ ಬೇಕು. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಬ್ಯಾಂಕಿಗೆ ಹಾಗೆ ತಿಳಿಸಿದ ಮೇಲೂ ನ್ಯಾಚ್ ಮೂಲಕ ಹಣ ಕಡಿತವಾದರೆ ಅದರ ಹೊಣೆ ಗ್ರಾಹಕರ ಬ್ಯಾಂಕಿನದು. ಮರುದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ನಿಗದಿ ಮಾಡಿದೆ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ತೃಪ್ತಿ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ವಿದ್ಯುತ್ ಬಿಲ್ಲಿನ ತಕರಾರಿಗೆ ಸರಬರಾಜು ನಿಗಮದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಬಾಕಿ ಇದೆಯೆಂದು ಸಂಪರ್ಕ ಕಿತ್ತುಹಾಕುವ ಮೊದಲು ಲಿಖಿತವಾಗಿ 15 ದಿನಗಳ ನೋಟಿಸ್ ಕೊಡಲೇಬೇಕು ಎನ್ನುತ್ತದೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಸೆಕ್ಷನ್.

ಟೋಲಿನಲ್ಲಿ ಮುಂದೆ ಗೇಟೇ ಇರುವುದಿಲ್ಲ. ಗುಜರಾತಿನ ಚೋರ್ಯಾಸಿಯಲ್ಲಿ ತಡೆಗಂಬವಿಲ್ಲದ ಟೋಲ್ ವ್ಯವಸ್ಥೆಗೆ 2025ರ ಆಗಸ್ಟ್‌ನಲ್ಲಿ ಒಪ್ಪಂದವಾಗಿದೆ. ಕಂಬದ ಮೇಲಿನ ಯಂತ್ರ ಓಡುವ ಗಾಡಿಯ ಟ್ಯಾಗನ್ನೂ ಕ್ಯಾಮೆರಾ ನಂಬರ್ ಪ್ಲೇಟನ್ನೂ ಓದುತ್ತವೆ. ಅಂಥ ರಸ್ತೆಯಲ್ಲಿ ನಗದು ಕೊಡಲು ಎದುರಿಗೆ ಯಾರೂ ಇರುವುದಿಲ್ಲ, ಟ್ಯಾಗಿಲ್ಲದವರ ಬಾಕಿ ವಾಹನದ ದಾಖಲೆಗೆ ಅಂಟಿಕೊಳ್ಳುತ್ತದೆ. ಈ ವ್ಯವಸ್ಥೆ ಕರ್ನಾಟಕದ ಹೆದ್ದಾರಿಗಳಿಗೆ ಬರುವ ಮೊದಲೇ, ಟ್ಯಾಗ್ ಇಲ್ಲದವರು ಎಷ್ಟು ದಿನದೊಳಗೆ, ಎಲ್ಲಿ, ಯಾವ ದರದಲ್ಲಿ ಹಣ ಕಟ್ಟಬಹುದು ಎಂಬುದನ್ನು ಕನ್ನಡದಲ್ಲಿ, ರಸ್ತೆಯ ಬದಿಯ ಫಲಕದಲ್ಲಿ ಬರೆದು ನಿಲ್ಲಿಸುವುದು ಹೆದ್ದಾರಿ ಪ್ರಾಧಿಕಾರದ ಕರ್ತವ್ಯ. ಗ್ರಾಮ ಒನ್ ಕೇಂದ್ರದಲ್ಲೋ ಅಂಚೆ ಕಚೇರಿಯಲ್ಲೋ ಮಾಮೂಲಿ ದರಕ್ಕೆ ಕಟ್ಟಲು ಒಂದು ವಾರದ ಅವಕಾಶ ಇಟ್ಟರೆ ಯಂತ್ರದ ವೇಗಕ್ಕೂ ಕುಂದಿಲ್ಲ, ಹಾರನಹಳ್ಳಿಯಿಂದ ಹೊರಟ ಹಳೆಯ ಜೀಪಿನವರ ಜೇಬಿಗೂ ಕತ್ತರಿ ಬೀಳುವುದಿಲ್ಲ.